ಎತ್ತಿನ ಕೊಟ್ಟಿಗೆಯವರು

ಬಿಳಿ ದೊರೆಯೊಬ್ಬ ರೈತರಿಗೆ ಮಾದರಿಯಾಗಲೆಂದು ಫಾರಂ ಮಾಡಿ, ಅದರೊಳಗೆ ಎತ್ತುಗಳಿಗೆಂದು ಕಟ್ಟಿಸಿದ್ದ ಕಲ್ಲಿನ ಕೊಟ್ಟಿಗೆ ಅದು. ದೊರೆ ಹೋದ, ಎತ್ತುಗಳು ಸತ್ತವು, ಆಳುಗಳ ಮಕ್ಕಳು ಒಳಗೆ ಸೇರಿಕೊಂಡರು. ಕೆಂಪರಾಜು ಹುಟ್ಟಿದ್ದು ಅಲ್ಲೇ. ಕೊಟ್ಟಿಗೆಯಲ್ಲಿ ಬದುಕುವವರೆಂದು ಮೂಗು ಮುರಿದು ಹೆಣ್ಣಿನ ಕಡೆಯವರು ಎರಡು ಸಲ ಎದ್ದು ಹೋಗಿದ್ದರು. ಈ ಸಲ ಹುಡುಗಿ ಒಪ್ಪಿದ್ದಳು. ಅವನಿಗಂತೂ ಅವಳ ಗುಂಗಿನಲ್ಲಿ ಅನ್ನ ಸೇರುತ್ತಿರಲಿಲ್ಲ. ಅವಳಪ್ಪ ಬಂದು ಮನೆ ನೋಡಿ ಹೂಂ ಅನ್ನುವುದೊಂದೇ ಬಾಕಿ.

ಎತ್ತುಗಳು ಮೇಯುತ್ತಿದ್ದ ಗೋದಲಿಗೆ ಹಾಸಿಗೆ ಹಾಸಿ ಸೋಫಾ ಮಾಡಿದ್ದರು. ಅವಳಪ್ಪ ಬಂದು ಅದರ ಮೇಲೆ ಕೂತು ಕಾಫಿ ಕುಡಿದ. ಆಮೇಲೆ ಗೋಡೆಯ ಕಬ್ಬಿಣದ ಬಳೆಗೆ ನೇತುಹಾಕಿದ್ದ ಅಂಗಿಯನ್ನು ಸರಿಸಿ ನೋಡಿದ.

"ಇದು ಎತ್ತು ಕಟ್ಟೋ ಬಳೆ ಅಲ್ವೇನಪ್ಪಾ?"

ಕೆಂಪರಾಜುವಿನ ಅಪ್ಪ ನೆಲ ನೋಡಿದ. ಕೆಂಪರಾಜುವಿಗೆ ರೇಗಿತು.

"ಹೌದು, ಕೊಟ್ಟಿಗೇನೇ. ಬ್ಯಾಡ ಅಂದ್ರೆ ಈಗ್ಲೇ ಹೇಳ್ಬುಡಿ."

ಅವಳಪ್ಪ ಗಹಗಹಿಸಿ ನಕ್ಕ. "ಅಯ್ಯೋ ಮಗಾ, ನಾವಿರೋದೂ ಇಂಥದೇ ಫಾರಮ್ಮಲ್ಲಿ ಕಣೋ. ನಮ್ಗೆ ಸಿಕ್ಕಿದ್ದು ಹಂದಿಗೂಡು. ಬಗ್ಗಿ ಬಗ್ಗಿ ನನ್ ಸೊಂಟವೇ ಬಿದ್ದೋಯ್ತು. ನನ್ ಮಗ್ಳು ಇಲ್ಲಿ ನೆಟ್ಟಗೆ ನಿಂತ್ಕೋಬೋದು, ಅಷ್ಟು ಸಾಕು."

ಕೆಂಪರಾಜುವಿಗೆ ಹೋದ ಜೀವ ಬಂದಂತಾಯಿತು. ಅವನೂ ನಕ್ಕ. ಅವನ ಅಪ್ಪ ಮಾತ್ರ ಲೋಟ ಕೆಳಗಿಟ್ಟು, ಎದೆ ಸೆಟೆಸಿ ಎದ್ದು ನಿಂತ.

"ಬೇಜಾರ್ ಮಾಡ್ಕೋಬ್ಯಾಡಿ ಯಜಮಾನ್ರೇ. ನಾವು ತಲತಲಾಂತರದಿಂದ ಎತ್ತಿನ ಕೊಟ್ಟಿಗೆಯೋರು. ಹಂದಿಗೂಡಿನ ಹೆಣ್ಣು ತರಕ್ಕಾಯ್ತದಾ?"