ಕಾಣದ ನೀರುಗಂಟಿ

ಮೂರನೆಯ ದಿನವೂ ಮುನಿಯಲ್ಲಪ್ಪ ಸಿಗಲಿಲ್ಲ.

ಸಿದ್ದಲಿಂಗನ ಅನುಮಾನ ಗಟ್ಟಿಯಾಯಿತು. ಗದಗಿನಿಂದ ಬಂದು ಹೆಬ್ಬಾಳದ ಅಧ್ಯಯನ ಸಂಸ್ಥೆಯೊಂದನ್ನು ಸೇರಿ ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹುಣಸಮಾರನಹಳ್ಳಿಯಾಚೆಯ ಪಂಚಾಯಿತಿಗಳು ತಮ್ಮ ಪಾಲಿನ ಅನುದಾನವನ್ನು ಹೇಗೆ ಖರ್ಚು ಮಾಡುತ್ತವೆ ಎಂದು ಊರಿಗೇ ಹೋಗಿ ತಾಳೆ ನೋಡುವುದು ಅವನ ಕೆಲಸ. ಈ ಊರಿನ ಪಟ್ಟಿಯಲ್ಲಿದ್ದ ಬೀದಿದೀಪ, ಚರಂಡಿ ಎಲ್ಲವೂ ಕಣ್ಣಿಗೆ ಬಿದ್ದವು. ಹದಿನೇಳನೆಯ ಸಾಲಿನಲ್ಲಿ ತಿಂಗಳು ತಿಂಗಳೂ ಸಂಬಳ ಪಡೆಯುತ್ತಿದ್ದ, ಊರಿಗೆ ನೀರು ಬಿಡುವ ನೀರುಗಂಟಿ ಮುನಿಯಲ್ಲಪ್ಪ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಊರ ತುಂಬ ಈಗ ಬಾಡಿಗೆದಾರರೇ. "ನೀರು ಬೆಳಗ್ಗೆ ಐದೂವರೆಗೆ ಬರುತ್ತೆ ಸರ್. ಒಂದಿನಾನೂ ತಪ್ಪಿಲ್ಲ. ಯಾರ್ ಬಿಡ್ತಾರೋ ಯಾರಿಗ್ ಗೊತ್ತು?" ಎಂದಳು ಹೊಲಿಗೆಯ ಲುಬ್ನಾ, ಬಾಗಿಲಲ್ಲೇ ನಿಂತು.

ಪಂಚಾಯಿತಿ ಕಾರ್ಯದರ್ಶಿ ನಂದಕುಮಾರ್ ಮುಖ ಕೊಟ್ಟು ಮಾತಾಡಲಿಲ್ಲ. "ಆ ಒಂದ್ ಸಾಲು ಬಿಟ್ಬಿಡಿ ಸರ್. ಅಧಿಕಾರ ಎಲ್ಲಾ ಹಳ್ಳಿಗೆ ಕೊಟ್ಟಿದೀವಿ ಅಂತಾರೆ. ಒಬ್ಬ ನೀರುಗಂಟಿ ಹೆಸ್ರು ಬದಲಾಯಿಸ್ಬೇಕಂದ್ರೂ ಮೇಲಿಂದ ಅಪ್ಪಣೆ ಬರ್ಬೇಕು. ಆರು ಸಲ ಬರ್ದು ಸಾಕಾಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಸಿದ್ದಲಿಂಗ ಬಹಳ ನೋಡಿದ್ದ. ಈತನಿಗೂ ಪಾಲು ಹೋಗುತ್ತಿರಬೇಕು ಅಂದುಕೊಂಡ.

ಅವನ ಜೊತೆ ನಾಲ್ಕು ಮಾತಾಡಿದವಳು ದ್ರೌಪದಮ್ಮ ಒಬ್ಬಳೇ. ದಿನವೂ ಪಂಚಾಯಿತಿ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದ ಮುದುಕಿ. ಮಂಡಿನೋವು. ಎದೆಮಟ್ಟದ ಕಬ್ಬಿಣದ ಸರಳೊಂದನ್ನು ಊರಿಕೊಂಡೇ ನಡೆಯುತ್ತಿದ್ದಳು. ಕೇಳಿದರೆ ನಾಯಿ ಕಾಟ ಎಂದಿದ್ದಳು.

"ಅಜ್ಜಿ, ಆ ಮುನಿಯಲ್ಲಪ್ಪ ಎಲ್ಲದಾನ? ನಿಮಗರ ಗೊತ್ತೇನು?"

"ಅವ್ರು ಸಿಕ್ಕಾಕಿಲ್ಲ ಕಣಪ್ಪಾ. ನೀರು ಬತ್ತೈತಲ್ಲ, ಬಿಟ್ಬುಡು."

"ಕೆಲಸಾ ಮಾಡ್ಲಾರ್ದ ಪಗಾರ ತಿನ್ನೋದು ಸರಿ ಏನ್ರಿ?"

"ತಪ್ಪು. ಕೆಲ್ಸ ಮಾಡ್ದೆ ತಿಂದ್ರೆ ದಕ್ಕಾಕಿಲ್ಲ," ಎಂದು ಆಕೆ ನೆಲ ನೋಡಿದಳು. ಆಮೇಲೆ ಮೆಲ್ಲಗೆ, "ಎಸ್ರು ಒಡೆದಾಕ್ಬುಡ್ತೀಯಾ?" ಎಂದಳು.

"ಹೆಸರು ಹೊಡೀಲಿಕ್ಕೇ ಬೇಕಲ್ರಿ."

ಕಳ್ಳನಿಗೂ 'ಅವ್ರು' ಎಂಬ ಬಹುವಚನವೇ ಎಂದು ಅವನಿಗೆ ನಗು ಬಂತು. ಎದುರಿನ ಅಂಗನವಾಡಿಯ ಸೂರು ಕಂಡು ಆ ನಗುವೂ ಹೋಯಿತು. ಸೋರುವ ಕಡೆಗೆಲ್ಲ ಬಕೆಟ್ ಇಟ್ಟಿದ್ದರು. ಇಲ್ಲದವನ ಸಂಬಳ ಉಳಿದರೆ ಮಕ್ಕಳ ತಲೆಯ ಮೇಲೆ ಸೂರಾದರೂ ಬರುತ್ತದೆ.

"ವರದಿ ಒಮ್ಮೆ ಅಪ್‌ಲೋಡ್ ಆದ್ರೆ ತಿದ್ದೋಕಾಗಲ್ಲ. ಖಾತ್ರಿ ತಾನೆ?" ಹೆಬ್ಬಾಳದ ಕಚೇರಿಯಲ್ಲಿ ಅವನ ಮೇಲಿನವಳಾದ ರಕ್ಷಾ ಕೇಳಿದಳು.

"ಖಾತ್ರಿ ಅದ ಮೇಡಂ."

ಸದರಿ ಹೆಸರಿನ ನೌಕರ ಅಸ್ತಿತ್ವದಲ್ಲಿಲ್ಲ ಎಂದು ಬರೆದು ಕಳಿಸಿದ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಂದಕುಮಾರ್ ಬರೆದ ಆರು ಪತ್ರಕ್ಕೂ ಅಲುಗದ ಸರ್ಕಾರದ ಮೇಲಿನ ಕಚೇರಿ ಇದೊಂದಕ್ಕೆ ಹನ್ನೆರಡೇ ದಿನದಲ್ಲಿ ಎದ್ದು ಕೂತಿತು. ಹುದ್ದೆ ರದ್ದು, ಮುಂದಿನ ಆದೇಶದವರೆಗೆ ಯಾರನ್ನೂ ನೇಮಿಸುವಂತಿಲ್ಲ. ಉಳಿದ ಹಣ ಮೇಲಕ್ಕೇ ವಾಪಸು. ಅಂಗನವಾಡಿಗೆ ಬಿಡಿಗಾಸೂ ಇಲ್ಲ. ಆದೇಶದ ಪ್ರತಿ ಹಿಡಿದು ಪಂಚಾಯಿತಿಗೆ ಬಂದ ಸಿದ್ದಲಿಂಗ ರಕ್ಷಾಳಿಗೆ ಎರಡು ಸಲ ಫೋನ್ ಮಾಡಿದ. ತಿದ್ದಲು ಆಗುವುದಿಲ್ಲ ಎಂದು ಎರಡು ಸಲವೂ ಹೇಳಿದಳು. ನಂದಕುಮಾರ್ ಆದೇಶ ಓದಿ ತಲೆಯ ಮೇಲೆ ಕೈ ಹೊತ್ತು ಕೂತ.

ದ್ರೌಪದಮ್ಮ ಮೆಟ್ಟಿಲು ಹತ್ತಿ ಒಳಗೆ ಬಂದಳು. ಕೈಯಲ್ಲಿದ್ದ ಸರಳನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು.

"ಅನ್ನೊಂದು ವರ್ಷ ಆಯ್ತು ಕಣಪ್ಪಾ, ಅವ್ರು ಓಗಿ," ಎಂದಳು. "ತೀರ್ಕಂಡ ದಿನಾನೂ ಈ ಸರಳಾಕಿ ಮೂರು ಬೀದಿ ವಾಲ್ವ್ ತಿರುಗ್ಸಿ, ಊರಿಗೆ ನೀರು ಬಿಟ್ಟು ಬಂದೇ ನಾನು ಗಂಡನ ಎಣದ ಮುಂದೆ ಕುಂತಿದ್ದು."