ಬ್ಯಾಚುಲರ್ ಚಿಕ್ಕಪ್ಪ

ಫಾಯಿಲ್‌ನಲ್ಲಿ ಸುತ್ತಿಟ್ಟ ಹುರಿದ ಬಂಗುಡೆಯ ವಾಸನೆ ಬಂದರೆ ಈಗಲೂ ನನಗೆ ದುಬೈಯ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮೊಂದಿಗೆ ಪಾರ್ಕಿಗೆ ಬಂದಿದ್ದರು. ಗೇಟಿನಲ್ಲಿ ಕಾವಲುಗಾರ ಗುರುತಿನ ಚೀಟಿ ನೋಡಿ ಅವರೊಬ್ಬರನ್ನೇ ತಡೆದು, "ಇವತ್ತು ಫ್ಯಾಮಿಲಿಗೆ ಮಾತ್ರ, ಬ್ಯಾಚುಲರ್‌ಗೆ ಇಲ್ಲ" ಎಂದು ಹಿಂದಿಯಲ್ಲಿ ಹೇಳಿದ.

ಬ್ಯಾಚುಲರ್ ಎಂದರೆ ಮದುವೆಯಾಗದವನು ಎಂದು ಟೀಚರ್ ಆ ವಾರವಷ್ಟೇ ಕಲಿಸಿದ್ದರು.

"ಹಿ ಈಸ್ ಮ್ಯಾರೀಡ್, ಅಂಕಲ್. ಹಿ ಹ್ಯಾಸ್ ಎ ಬೇಬಿ," ಎಂದೆ. ಕಾವಲುಗಾರ ನೆಲ ನೋಡಿದ.

ಚಿಕ್ಕಪ್ಪ ನಕ್ಕರು. "ಹೆಂಡತಿ ಊರಲ್ಲಿದ್ರೆ ಇಲ್ಲಿ ನಾವು ಬ್ಯಾಚುಲರೇ ಮಗಾ. ನೀವು ಹೋಗಿ, ನಾನು ಇಲ್ಲೇ ಕೂತಿರ್ತೇನೆ."

ಅಮ್ಮ ಬೇಲಿಯ ಹೊರಗೆ, ಬೇವಿನ ಮರದ ನೆರಳಲ್ಲಿ ಒರಟು ಪ್ಲಾಸ್ಟಿಕ್ ಚಾಪೆ ಬಿಡಿಸಿ, ಮೊದಲ ಮೀನನ್ನು ಚಿಕ್ಕಪ್ಪನ ತಟ್ಟೆಗೆ ಹಾಕಿದಳು.

"ಒಳಗೆ ಬಿಸಿಲು ಜಾಸ್ತಿ, ಇಲ್ಲೇ ಒಳ್ಳೇದುಂಟು," ಎಂದು ಅಪ್ಪನೂ ಕೂತರು.

ಊಟ ಮುಗಿಯುವಾಗ ಊರಿನಿಂದ ಚಿಕ್ಕಮ್ಮನ ಫೋನ್ ಬಂತು. ಚಿಕ್ಕಪ್ಪ ಬೇಲಿಯಾಚೆಯ ಜೋಕಾಲಿಗಳನ್ನು ನೋಡುತ್ತಾ ಹೇಳಿದರು:

"ಅಣ್ಣನವರೊಟ್ಟಿಗೆ ಪಾರ್ಕಿಗೆ ಬಂದಿದ್ದೇನೆ ಮಾರಾಯ್ತಿ. ಒಳಗೆ ತುಂಬ ಚಂದ ಉಂಟು. ನೀನು ಬಂದಾಗ ತೋರಿಸ್ತೇನೆ."