ಸುಳ್ಳು ಸೊನ್ನೆ

"ಅಣಬೆ ತಿಂದೋನು ಆಗಲೇ ಜಾಕೆಟ್ ಹಾಕ್ಕೊಂಡು ಕೂತಿದ್ದಾನೆ," ಎಂದ ಡಾಕ್ಟರ್ ಮರಿಯಾನ್, ಅವನ ಮೂತ್ರದ ಶೀಶೆಯನ್ನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸ್ಲಾವ್ಕಾಳ ಮೇಜಿನ ಮೇಲಿಡುತ್ತ. "ರಾತ್ರಿಯೆಲ್ಲ ವಾಂತಿ, ಭೇದಿ. ಈಗ ಆರಾಮಾಗಿದ್ದೀನಿ, ಸಂಜೆ ಬಸ್ ಡ್ಯೂಟಿ ಇದೆ, ಸಹಿ ಹಾಕಿ ಹೋಗ್ತೀನಿ ಅಂತಾನೆ. ಬ್ರಾತಿಸ್ಲಾವಾದ ಲ್ಯಾಬಿಂದ ವಿಷದ ರಿಪೋರ್ಟ್ ಬರೋದು ನಾಳೆ. ನೀನೇ ಏನಾದರೂ ಮಾಡು."

ಅಣಬೆ ವಿಷದ ಈ ಆಟ ಸ್ಲಾವ್ಕಾಳಿಗೂ ಗೊತ್ತಿತ್ತು. ಮೊದಲು ಹೊಟ್ಟೆ ಕಿವುಚುತ್ತದೆ, ಆಮೇಲೆ ಎಲ್ಲ ಸರಿಹೋದಂತೆ ಸುಮ್ಮನಾಗುತ್ತದೆ. ಹಾಗೆ ಸುಮ್ಮನಿದ್ದಾಗಲೇ ಒಳಗೆ ಲಿವರ್ ಸಾಯುತ್ತಿರುತ್ತದೆ.

ಮರಿಯಾನ್‌ನ ಬೆನ್ನಿಗೇ ರೋಗಿಯ ತಾಯಿ ಒತೀಲಿಯಾ ಬಂದು ಬಾಗಿಲಲ್ಲಿ ನಿಂತಿದ್ದಳು. "ನನ್ನ ಅಣಬೇಲಿ ವಿಷ ಅಂತೀರಾ? ಚಿಕ್ಕ ಹುಡುಗಿ ಇದ್ದಾಗಿಂದ ಅದೇ ಕಾಡಲ್ಲಿ ಆರಿಸ್ತಿದ್ದೀನಿ. ಅನುಮಾನ ಬಂದರೆ ಊರೋರೆಲ್ಲ ಬುಟ್ಟಿ ಹಿಡ್ಕೊಂಡು ನನ್ನ ಹತ್ರಾನೇ ಬರ್ತಾರೆ. ನಮ್ಮ ರೂಡೊಗೆ ಏನೂ ಆಗಿಲ್ಲ."

ಸ್ಲಾವ್ಕಾ ಮೂತ್ರದ ಒಂದು ಪಾಲನ್ನಷ್ಟೇ ಗಾಜಿನ ನಳಿಕೆಗೆ ಸುರಿದು, ಅದಕ್ಕೆ ಕಪ್ಪು ದ್ರವದ ಕೆಲವು ಹನಿ ಬಿಟ್ಟಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು. ಒಂದೊಂದರ ಮೈಮೇಲೂ ಡಿಎನ್ಎ ಎಳೆಗಳು. ಮೂತ್ರದಲ್ಲಿ ಏನೆಲ್ಲ ಇದ್ದರೂ ಆ ಎಳೆಗಳು ಮಡಚಿಕೊಂಡು ಈ ಒಂದು ವಿಷವನ್ನು ಮಾತ್ರ ಹಿಡಿಯಬೇಕು. ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ಆದರೆ ಇದುವರೆಗೆ ಪರೀಕ್ಷಿಸಿದ್ದೆಲ್ಲ ಗಟ್ಟಿಮುಟ್ಟಾಗಿದ್ದ ಸಹೋದ್ಯೋಗಿಗಳ ಮೂತ್ರದಲ್ಲಿ, ತಾನೇ ವಿಷ ಬೆರೆಸಿ. ನಿಜವಾದ ರೋಗಿ ಇವನೇ ಮೊದಲು. ಅವಳು ಅಯಸ್ಕಾಂತ ಹಿಡಿದಳು. ಕಣಗಳು ಗಾಜಿನ ಒಂದು ಬದಿಗೆ ಮಸಿಯಂತೆ ಅಂಟಿಕೊಂಡವು. ಉಳಿದದ್ದನ್ನು ಚೆಲ್ಲಿ, ತೊಳೆದು, ಹಿಡಿದದ್ದನ್ನು ಬಿಡಲೆಂದು ಬಿಸಿ ಮಾಡಿ, ಸಿಕ್ಕ ಹನಿಯನ್ನು ಯಂತ್ರಕ್ಕೆ ಕೊಟ್ಟಳು.

ಪರದೆಯ ಮೇಲೆ ಗೆರೆ ನೆಟ್ಟಗೆ ಸಾಗಿತು. ಎಲ್ಲೂ ಏಳಲಿಲ್ಲ.

"ಸೊನ್ನೆ," ಎಂದ ಮರಿಯಾನ್. ಅವನ ದನಿಯಲ್ಲಿ ಸಮಾಧಾನವಿರಲಿಲ್ಲ. "ಇನ್ನು ಅವನನ್ನ ತಡೆಯೋಕೆ ನನ್ನ ಹತ್ರ ಏನೂ ಇಲ್ಲ."

"ನಾನು ಹೇಳಿರಲಿಲ್ವಾ?" ಒತೀಲಿಯಾ ತಲೆಯ ವಸ್ತ್ರ ಸರಿಪಡಿಸಿಕೊಂಡಳು. "ಹೋಗಿ ಅವನಿಗೆ ಬೂಟು ಹಾಕ್ಕೋ ಅಂತೀನಿ."

"ಸ್ವಲ್ಪ ತಡೀರಿ ಅಮ್ಮಾ."

"ಇನ್ನೇನಿದೆ ನೋಡೋಕೆ?"

"ಮೀನಿಲ್ವೋ, ಬಲೇನೇ ಹರಿದಿದೆಯೋ ನೋಡ್ಬೇಕು." ಸ್ಲಾವ್ಕಾ ಮರಿಯಾನ್‌ನ ಕಡೆ ತಿರುಗಿದಳು. "ನೀನು ಮೇಲೆ ಹೋಗು. ಅವನ ಬಸ್ಸಿನ ವಿಷಯ ಕೇಳು, ಫುಟ್‌ಬಾಲ್ ಕೇಳು, ಏನಾದರೂ ಸರಿ. ಎದ್ದು ಹೋಗೋಕೆ ಬಿಡಬೇಡ."

ಅದೇ ಮೂತ್ರದ ಇನ್ನೊಂದು ಪಾಲಿಗೆ ಅವಳು ಬೇಕೆಂದೇ ಒಂದಿಷ್ಟು ವಿಷ ಬೆರೆಸಿ, ಮೊದಲಿನಂತೆಯೇ ಎಲ್ಲ ಮಾಡಿದಳು. ಈಗ ಗೆರೆ ಏಳಲೇಬೇಕು. ಏಳಲಿಲ್ಲ. ತಾನೇ ಕೈಯಾರೆ ಬೆರೆಸಿದ ವಿಷವನ್ನೂ ಕಣಗಳು ಹಿಡಿದಿಲ್ಲವೆಂದರೆ ಮೊದಲಿನ ಸೊನ್ನೆಗೆ ಅರ್ಥವೇ ಇಲ್ಲ. ಅವಳು ಶೀಶೆಯನ್ನು ಬೆಳಕಿಗೆ ಹಿಡಿದಳು. ಮೂತ್ರ ನೀರಿನಷ್ಟು ತಿಳಿಯಾಗಿತ್ತು.

"ಮಗನಿಗೆ ಡ್ರಿಪ್ ಹಾಕಿದ್ರಾ?"

"ಬೆಳಗಿನಿಂದ ಹಾಕ್ತಾನೇ ಇದ್ದಾರೆ. ಬಾಟಲಿ ಮೇಲೆ ಬಾಟಲಿ."

ಡ್ರಿಪ್ಪಿನ ನೀರಿಗೆ ಮೂತ್ರದ ಲವಣವೆಲ್ಲ ತೆಳುವಾಗಿ ಹೋಗಿತ್ತು. ಆ ಲವಣಗಳಲ್ಲಿರುವ ಮೆಗ್ನೀಸಿಯಂ ಸಾಕಷ್ಟಿಲ್ಲದಿದ್ದರೆ ಡಿಎನ್ಎ ಎಳೆ ಮಡಚಿಕೊಳ್ಳುವುದಿಲ್ಲ, ಮಡಚಿಕೊಳ್ಳದೆ ಏನನ್ನೂ ಹಿಡಿಯುವುದಿಲ್ಲ. ವಿಷ ಇನ್ನಷ್ಟು ತೆಳುವಾದೀತೆಂಬ ಭಯಕ್ಕೆ ಅವಳು ಮೊದಲು ಮೂತ್ರಕ್ಕೆ ಬೇರೆ ಯಾವ ದ್ರಾವಣವನ್ನೂ ಬೆರೆಸಿರಲಿಲ್ಲ. ಈಗ ಮುಟ್ಟದೆ ಉಳಿಸಿದ್ದ ಪಾಲಿಗೆ ಮೆಗ್ನೀಸಿಯಂ ಲವಣದ ದ್ರಾವಣ ಸೇರಿಸಿ, ಮತ್ತೆ ಕಪ್ಪು ಹನಿ ಬಿಟ್ಟು, ಸಿಕ್ಕದ್ದನ್ನು ಯಂತ್ರಕ್ಕೆ ಕೊಟ್ಟಳು. ಮೇಜಿನ ಮೇಲೆ ಫೋನ್ ಅಲುಗಿತು. ಮರಿಯಾನ್ ಬರೆದಿದ್ದ: "ಲಿಫ್ಟ್ ಹತ್ರ ನಿಂತಿದ್ದಾನೆ. ಬೇಗ."

ಗೆರೆ ನೆಟ್ಟಗೆ ಹೊರಟಿತು. ಇನ್ನೂ ನೆಟ್ಟಗೆ. ವಿಷ ಕಾಣಬೇಕಾದ ಜಾಗಕ್ಕೆ ಬರುತ್ತಲೇ ಕಡಿದಾಗಿ ಮೇಲೆದ್ದಿತು.

ಸ್ಲಾವ್ಕಾ ಫೋನ್ ಮಾಡಿದಳು. "ಇದೆ. ಬೇಕಾದಷ್ಟಿದೆ. ಬಿಡಬೇಡ ಅವನನ್ನ."

ಆ ಕಡೆಯಿಂದ ಓಡುವ ಸಪ್ಪಳ, ಯಾರದೋ ಸಿಟ್ಟಿನ ಮಾತು. ತುಸು ಹೊತ್ತಿಗೆ ಮರಿಯಾನ್‌ನ ದನಿ ಬಂತು: "ಮಲಗಿದ್ದಾನೆ. ಔಷಧಿ ಶುರು ಮಾಡಿದ್ವಿ. ಲಿವರ್ ಇನ್ನೂ ಕೈಬಿಟ್ಟಿಲ್ಲ."

ಒತೀಲಿಯಾ ಪರದೆಯ ಮೇಲಿನ ಆ ಚೂಪನ್ನೇ ನೋಡುತ್ತಿದ್ದಳು. ಅಂಥ ಗೆರೆ ಓದಲು ಬಾರದಿದ್ದರೂ ಅದು ಏನೆಂದು ಅವಳಿಗೆ ತಿಳಿದಂತಿತ್ತು. ಸ್ಲಾವ್ಕಾ ಕುರ್ಚಿ ಎಳೆದು ಅವಳನ್ನು ಕೂರಿಸಿದಳು.

"ನೀವೂ ತಿಂದಿದ್ರೆ ಈಗಲೇ ಹೇಳಿಬಿಡಿ ಅಮ್ಮಾ. ನಿಮ್ಮದನ್ನೂ ನೋಡ್ಬೇಕಾಗುತ್ತೆ."

ಮುದುಕಿ ಅಡ್ಡಡ್ಡ ತಲೆಯಾಡಿಸಿದಳು.

"ಇಲ್ಲ. ಅಣಬೆ ಸಾರು ಸ್ವಲ್ಪವೇ ಇತ್ತು," ಎಂದಳು. "ಎಲ್ಲಾ ಅವನಿಗೇ ಬಡಿಸಿದೆ."